ಗದ್ದೆಗಿಳಿದ ವಿಮಾನ: ಗೊಂಬೆ ಹಬ್ಬಕ್ಕೆ ಒಂದು ಡಯೋರಾಮಾ ಕಟ್ಟುವ ಬಗೆ

ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಕೆಲಸ ಅಮ್ಮನದು, ಕೆಳಗಿನ ನೆಲ ನನ್ನದು. ಪಟ್ಟದ ಗೊಂಬೆಗಳು ಮೇಲೆ ಕೂತಾದ ಮೇಲೆ ಕೆಳಗೊಂದು ಪಾರ್ಕು ಆಗಲೇಬೇಕು. ಹಬ್ಬಕ್ಕೆ ಒಂದು ವಾರ ಇರುವಾಗಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದೆವು. ಮೊಳಕೆ ಎದ್ದರೆ ಅದೇ ಗದ್ದೆ. ಕನ್ನಡಿ ಇಟ್ಟರೆ ಅದೇ ಕೆರೆ. ಮೈಸೂರಿನ ಎಷ್ಟೋ ಮನೆಗಳ ಮಕ್ಕಳು ಇದನ್ನೇ ಮಾಡಿ ಬೆಳೆದಿದ್ದಾರೆ. ಹಾಗಾಗಿ ಡಯೋರಾಮಾ ಅನ್ನುವ ಹೆಸರು ಹೊಸದು ಅನ್ನಿಸಿದರೂ ಕೆಲಸ ಹೊಸದಲ್ಲ. ಒಂದು ಗಳಿಗೆಯನ್ನು ಹಿಡಿದು, ಅಳತೆಗೆ ಸರಿಯಾಗಿ ಚಿಕ್ಕದು ಮಾಡಿ, ಒಂದು ಹಲಗೆಯ ಮೇಲೆ ನಿಲ್ಲಿಸುವುದು, ಅಷ್ಟೇ.

ಈ ಲೇಖನದಲ್ಲಿ ಒಂದು ಹಳೆಯ ತರಬೇತಿ ವಿಮಾನ ಮಂಡ್ಯ ಕಡೆಯ ಕೊಯ್ದ ಗದ್ದೆಯಲ್ಲಿ ನಿಂತಿರುವ ದೃಶ್ಯವನ್ನು ಹೇಗೆ ಕಟ್ಟುವುದು ಎಂದು ಹೇಳುತ್ತೇನೆ. ವಿಮಾನ ಕಿಟ್‌ನಿಂದ, ಅಂದರೆ ನಾವೇ ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಭಾಗಗಳ ಡಬ್ಬಿಯಿಂದ, ಬರುತ್ತದೆ. ಜನ, ಎತ್ತು, ಗದ್ದೆ, ಕಬ್ಬು ಎಲ್ಲವೂ ಕೈಯಲ್ಲೇ ಮಾಡುವುದು. ಸಂಜೆ ಹೊತ್ತು ಒಂದೆರಡು ಗಂಟೆ ಕೂತರೆ ಎರಡೂವರೆ ತಿಂಗಳು ಬೇಕು. ದಸರಾಕ್ಕೆ ಬೇಕು ಅಂದರೆ ಆಷಾಢದಲ್ಲೇ ಶುರು ಮಾಡಿ.

ಮೊದಲು ಕಥೆ

ಕಿಟ್ ಕೊಳ್ಳುವ ಮುಂಚೆ ಕಥೆ ಗಟ್ಟಿ ಮಾಡಿಕೊಳ್ಳಿ. ನನ್ನ ಕಥೆ ಇದು, ಕಲ್ಪನೆಯದೇ. 1951ರ ಜನವರಿ, ಸಂಕ್ರಾಂತಿಯ ಮಾರನೆ ಬೆಳಿಗ್ಗೆ. ಮಂಜಿನಲ್ಲಿ ದಾರಿ ತಪ್ಪಿದ ಒಬ್ಬ ಹುಡುಗ ಪೈಲಟ್ ಕೊಯ್ದು ಒಣಗಿದ ಬತ್ತದ ಗದ್ದೆಗೆ ವಿಮಾನ ಇಳಿಸಿದ್ದಾನೆ. ಯಾರಿಗೂ ಏನೂ ಆಗಿಲ್ಲ. ನಕ್ಷೆ ಹಿಡಿದು ಕೆಳಗಿಳಿದು ದಾರಿ ಕೇಳುತ್ತಿದ್ದಾನೆ. ಒಬ್ಬ ರೈತ ಕೈ ಚಾಚಿ ರೈಲು ಹಳಿ ಯಾವ ಕಡೆ ಅಂತ ತೋರಿಸುತ್ತಿದ್ದಾನೆ. ಆಗಿನ ಪೈಲಟ್‌ಗಳಿಗೆ ರೈಲು ಹಳಿ ಅಂದರೆ ನೆಲದ ಮೇಲೆ ಎಳೆದ ಗೆರೆ ಇದ್ದಹಾಗೆ. ಹಳಿ ಸಿಕ್ಕಿದರೆ ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರಬಹುದು.

ಇಷ್ಟು ತೀರ್ಮಾನವಾದರೆ ಮುಂದಿನ ನೂರು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಜನವರಿ ಅಂದಮೇಲೆ ಗದ್ದೆಯಲ್ಲಿ ಕೂಳೆ ಇರುತ್ತದೆ, ಕಬ್ಬು ಇನ್ನೂ ನಿಂತಿರುತ್ತದೆ, ಜನ ಕಂಬಳಿ ಹೊದ್ದಿರುತ್ತಾರೆ. ಹಿಂದಿನ ಸಂಜೆ ಕಿಚ್ಚು ಹಾಯಿಸಿದ್ದಾರೆ, ಆದ್ದರಿಂದ ಎತ್ತಿನ ಕೊಂಬಿಗೆ ಬಣ್ಣ ಇರುತ್ತದೆ. ಇಡೀ ದೃಶ್ಯದಲ್ಲಿ ಜಾಸ್ತಿ ಹೊಳೆಯುವ ಬಣ್ಣ ಆ ಕೊಂಬಿನದೇ.

ಇನ್ನೊಂದು ವಿಷಯವನ್ನೂ ಈಗಲೇ ಬರೆದಿಟ್ಟುಕೊಳ್ಳಿ: ಯಾರು ಎಲ್ಲಿ ನೋಡುತ್ತಿದ್ದಾರೆ. ನನ್ನ ಮಟ್ಟಿಗೆ ಈ ಕಲೆಯ ಜೀವ ಇರುವುದು ಇಲ್ಲೇ. ಮನುಷ್ಯರು ಬೇರೆಯವರ ನೋಟವನ್ನು ಹಿಂಬಾಲಿಸುತ್ತಾರೆ. ಬೀದಿಯಲ್ಲಿ ನಾಲ್ಕು ಜನ ನಿಂತು ಮರದ ಮೇಲೆ ನೋಡಿದರೆ ನಾವೂ ತಲೆ ಎತ್ತುತ್ತೇವೆ, ಅಲ್ವಾ? ಪುಟ್ಟ ಗೊಂಬೆಗಳಿಗೂ ಅದೇ ಶಕ್ತಿ ಇದೆ. ನನ್ನ ಪಟ್ಟಿ ಹೀಗಿತ್ತು. ರೈತ ದೂರದ ಹಳಿಯ ಕಡೆ ನೋಡುತ್ತಾನೆ. ಪೈಲಟ್ ಆ ಕೈಯ ತುದಿ ನೋಡುತ್ತಾನೆ. ಇಬ್ಬರು ಹುಡುಗರ ಕಣ್ಣು ಪ್ರೊಪೆಲ್ಲರ್ ಮೇಲೆ. ಮಂಕರಿ ಹೊತ್ತ ಅಜ್ಜಿಗೆ ವಿಮಾನ ಬೇಕಿಲ್ಲ, ಆ ಹುಡುಗ ಹಸಿದಿದ್ದಾನೇನೋ ಅಂತ ಪೈಲಟ್‌ನ ಮುಖ ನೋಡುತ್ತಾಳೆ. ಎತ್ತು ಹಿಡಿದವನು ಎತ್ತನ್ನೇ ನೋಡುತ್ತಾನೆ. ಒಂದು ಚಿಕ್ಕ ಹುಡುಗಿ ಮಾತ್ರ ಬದುವಿನ ಮೇಲೆ ನಿಂತು ಆಕಾಶ ನೋಡುತ್ತಾಳೆ, ಇನ್ನೊಂದು ಬರಬಹುದು ಅಂತ. ಒಟ್ಟು ಏಳು ಜನ, ಎರಡು ಎತ್ತು.

ಎತ್ತಿನಗಾಡಿ ಇಡಬೇಕು ಅಂತ ತುಂಬಾ ಆಸೆ ಇತ್ತು. ಬಿಟ್ಟೆ. ಗಾಡಿಯ ದೊಡ್ಡ ಚಕ್ರ ಬಂದ ಕೂಡಲೇ ಕಣ್ಣು ಅಲ್ಲಿಗೆ ಹೋಗುತ್ತದೆ, ವಿಮಾನ ಹಿಂದೆ ಸರಿಯುತ್ತದೆ.

ಯಾವ ವಿಮಾನ, ಯಾವ ಅಳತೆ

ನಾನು ಆರಿಸಿದ್ದು ಟೈಗರ್ ಮಾತ್. ಇದು 1931ರಲ್ಲಿ ಮೊದಲು ಹಾರಿದ ಎರಡು ರೆಕ್ಕೆ ಜೋಡಿಯ ವಿಮಾನ. ಮರ, ಲೋಹದ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದು. 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲು ಹಾರಲು ಕಲಿತದ್ದು ಇದರಲ್ಲಿ. ಆಮೇಲೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ. ಎಂ. ಘಾಟ್ಗೆ ಅವರ ಮುಂದಾಳ್ತನದಲ್ಲಿ ರೂಪುಗೊಂಡ ಎಚ್‌ಟಿ-2 ಅನ್ನುವ ತರಬೇತಿ ವಿಮಾನ ಇದರ ಜಾಗಕ್ಕೆ ಬಂತು. ಆ ಎಚ್‌ಟಿ-2 ಮೊದಲು ಹಾರಿದ್ದೂ 1951ರಲ್ಲೇ. ಅಂದರೆ ನಮ್ಮ ಗದ್ದೆಯಲ್ಲಿ ನಿಂತಿರುವುದು ಹೊರಡುವ ಕಾಲಕ್ಕೆ ಬಂದ ವಿಮಾನ. ಆ ಎಣಿಕೆಯಿಂದಲೇ ನಾನು ಆ ವರ್ಷ ಆರಿಸಿದ್ದು.

ಏರ್‌ಫಿಕ್ಸ್ ಕಂಪನಿ ಈ ವಿಮಾನದ ಕಿಟ್ಟನ್ನು 1/72 ಮತ್ತು 1/48 ಎರಡೂ ಅಳತೆಯಲ್ಲಿ, ಅಂದರೆ ನಿಜವಾದದ್ದರ 72ನೇ ಒಂದು ಮತ್ತು 48ನೇ ಒಂದು ಪಾಲಿಗೆ, ಮಾಡಿದೆ. ಗೊಂಬೆಗಳನ್ನು ಕೈಯಲ್ಲೇ ಮಾಡುವುದಾದರೆ 1/48 ತೆಗೆದುಕೊಳ್ಳಿ. ಐದೂವರೆ ಅಡಿಯ ಮನುಷ್ಯ 1/72ರಲ್ಲಿ 23 ಮಿಲಿಮೀಟರ್ ಮಾತ್ರ, 1/48ರಲ್ಲಿ 35 ಮಿಲಿಮೀಟರ್. ಆ 12 ಮಿಲಿಮೀಟರ್ ಜಾಸ್ತಿ ಸಿಕ್ಕಿದ್ದರಿಂದಲೇ ಮುಖಕ್ಕೆ ಮೂಗು ಬರುತ್ತದೆ.

1/48ಕ್ಕೆ ಒಂದು ಸುಲಭ ಲೆಕ್ಕ ಇದೆ. ಮೀಟರನ್ನು 21ರಿಂದ ಗುಣಿಸಿ, ಬಂದದ್ದು ಮಿಲಿಮೀಟರ್. ಟೈಗರ್ ಮಾತ್‌ನ ರೆಕ್ಕೆಯ ಹರವು 8.94 ಮೀಟರ್, ಅದು ಸುಮಾರು 186 ಮಿಲಿಮೀಟರ್ ಆಗುತ್ತದೆ. ಎಂಟು ವರ್ಷದ ಮಗು ಸುಮಾರು 26. ಎರಡೂವರೆ ಮೀಟರ್ ಎತ್ತರದ ಕಬ್ಬು 52. ಮಂಡ್ಯದ ದೃಶ್ಯಕ್ಕೆ ತೆಂಗಿನ ಮರ ಬೇಡವೇ ಅಂತ ಎಲ್ಲರೂ ಕೇಳುತ್ತಾರೆ. 12 ಮೀಟರ್ ಮರ ಅಂದರೆ 250 ಮಿಲಿಮೀಟರ್, ವಿಮಾನದ ಉದ್ದಕ್ಕಿಂತ ಹತ್ತು ಸೆಂಟಿಮೀಟರ್ ಜಾಸ್ತಿ. ಇಟ್ಟರೆ ಅದು ತೆಂಗಿನ ಮರದ ಡಯೋರಾಮಾ ಆಗುತ್ತದೆ. ಹಿಂಬದಿಗೆ ಕಬ್ಬು ಸಾಕು.

ಕಾಗದದಲ್ಲಿ ಒಮ್ಮೆ ಕಟ್ಟಿ ನೋಡಿ

ತಳಕ್ಕೆ 12 ಮಿಲಿಮೀಟರ್ ಪ್ಲೈವುಡ್, 32 × 28 ಸೆಂಟಿಮೀಟರ್. ಅದರ ಮೇಲೆ ವಿಮಾನದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಇಡಿ. ಜನರ ಬದಲು ಅಷ್ಟೇ ಎತ್ತರಕ್ಕೆ ಕತ್ತರಿಸಿದ ಕಾಗದದ ಪಟ್ಟಿಗಳನ್ನು ಮಡಚಿ ನಿಲ್ಲಿಸಿ. ವಿಮಾನವನ್ನು ಅಂಚಿಗೆ ನೇರವಾಗಿ ಇಡಬೇಡಿ, ಸುಮಾರು 30 ಡಿಗ್ರಿ ಓರೆಯಾಗಿರಲಿ. ಮೂತಿ ನೋಡುವವರ ಕಡೆ ಇರಲಿ. ರೈತನ ಕೈ ತೋರಿಸುವ ದಿಕ್ಕಿನಲ್ಲಿ ಜಾಗ ಖಾಲಿ ಬಿಡಿ. ಹಾಗೆ ಬಿಟ್ಟರೆ ಆ ಕೈ ನಿಜವಾಗಿ ಎಲ್ಲೋ ದೂರಕ್ಕೆ ತೋರಿಸಿದ ಹಾಗೆ ಕಾಣುತ್ತದೆ.

ಹೀಗೆ ಎರಡು ಮೂರು ದಿನ ಮೇಜಿನ ಮೇಲೆ ಬಿಟ್ಟು, ಬಂದು ಹೋಗುವಾಗ ನೋಡುತ್ತಿರಿ. ಈ ನಡುವೆ ಸಾಧ್ಯವಾದರೆ ಕಾರಂಜಿ ಕೆರೆ ಪಕ್ಕದ ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ಹೋಗಿಬನ್ನಿ. ಅಲ್ಲಿ ಕಾಡಿನ ಡಯೋರಾಮಾಗಳಿವೆ. ಮುಂದಿನ ನಿಜವಾದ ನೆಲ ಎಲ್ಲಿ ಮುಗಿದು ಹಿಂದಿನ ಚಿತ್ರ ಎಲ್ಲಿ ಶುರುವಾಗುತ್ತದೆ, ಆ ಜೋಡಣೆಯನ್ನು ಏನಿಟ್ಟು ಮುಚ್ಚಿದ್ದಾರೆ ಎಂದು ಹುಡುಕಿ. ಅರಮನೆಯ ಗೊಂಬೆ ತೊಟ್ಟಿಯನ್ನೂ ಇದೇ ಕಣ್ಣಿನಿಂದ ಇನ್ನೊಮ್ಮೆ ನೋಡಿ.

ವಿಮಾನ

ಕಿಟ್ ಜೋಡಿಸುವ ಕ್ರಮ ಡಬ್ಬಿಯ ಜೊತೆಗಿನ ಹಾಳೆಯಲ್ಲೇ ಇರುತ್ತದೆ, ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಎರಡು ರೆಕ್ಕೆಯ ವಿಮಾನಕ್ಕೆ ಬೇಕಾದ ಮೂರು ನಾಲ್ಕು ಮಾತು ಮಾತ್ರ.

ಮೇಲಿನ ರೆಕ್ಕೆಯನ್ನು ಅಂಟಿಸುವ ಮೊದಲೇ ಎಲ್ಲದಕ್ಕೂ ಬಣ್ಣ ಹಾಕಿ ಮುಗಿಸಿ. ಆಮೇಲೆ ಬ್ರಷ್ ಒಳಗೆ ಹೋಗುವುದಿಲ್ಲ. ನಾನು ಹಾಕಿದ್ದು ಬೆಳ್ಳಿ ಬಣ್ಣ. ಅಲ್ಯೂಮಿನಿಯಂ ಬಣ್ಣವನ್ನು ಹಾಗೇ ಬಳಿದರೆ ಪಾತ್ರೆಯ ಹಾಗೆ ಮಿರುಗುತ್ತದೆ. ಸ್ವಲ್ಪ ಬೂದು ಬಣ್ಣ ಬೆರೆಸಿ ಮಂಕು ಮಾಡಿ, ಆಗ ಬಟ್ಟೆಯ ಮೇಲೆ ಬಳಿದದ್ದು ಅನ್ನಿಸುತ್ತದೆ. ಭಾರತದ ನಾಗರಿಕ ವಿಮಾನಗಳ ನೋಂದಣಿ ವಿಟಿ ಅನ್ನುವ ಅಕ್ಷರಗಳಿಂದ ಶುರುವಾಗುತ್ತದೆ, ಅದನ್ನು ಕಪ್ಪಿನಲ್ಲಿ ಬರೆಯಿರಿ. ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡಿ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಸುಕು ಬರುತ್ತದೆ. ಮುಂದಿನ ಪುಟ್ಟ ಗಾಜುಗಳನ್ನು ಫೆವಿಕಾಲ್‌ನಲ್ಲೇ ಅಂಟಿಸಿ. ಫೆವಿಕ್ವಿಕ್ ತಾಗಿದರೆ ಪಾರದರ್ಶಕ ಪ್ಲಾಸ್ಟಿಕ್ ಮಂಜಾಗಿಬಿಡುತ್ತದೆ.

ನಿಂತಿರುವ ವಿಮಾನಕ್ಕೆ ಒಂದು ಲಕ್ಷಣ ಇದೆ. ಪೈಲಟ್ ವಿಮಾನ ನಡೆಸುವ ಕೋಲು ಬಿಟ್ಟ ಮೇಲೆ ಬಾಲದ ಎಲಿವೇಟರ್, ಅಂದರೆ ಮೂತಿಯನ್ನು ಮೇಲೆ ಕೆಳಗೆ ಮಾಡುವ ಅಡ್ಡ ಹಲಗೆ, ತನ್ನ ಭಾರಕ್ಕೆ ಕೆಳಗೆ ಜೋತುಬೀಳುತ್ತದೆ. ಅದನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ ಸ್ವಲ್ಪ ಕೆಳಗೆ ಬಾಗಿಸಿ ಅಂಟಿಸಿ. ಚುಕ್ಕಾಣಿಯನ್ನೂ ಒಂದು ಕಡೆ ತಿರುಗಿಸಿ. ಪ್ರೊಪೆಲ್ಲರ್ ಓರೆಯಾಗಿ ನಿಂತಿರಲಿ. ಈ ವಿಮಾನದಲ್ಲಿ ಒಬ್ಬನೇ ಹಾರುವಾಗ ಕೂರುವುದು ಹಿಂದಿನ ಸೀಟಿನಲ್ಲಿ, ಹಾಗಾಗಿ ಹಿಂದಿನ ಕಾಕ್‌ಪಿಟ್‌ನ ಪುಟ್ಟ ಬಾಗಿಲು ತೆರೆದಿರಬೇಕು.

ಇನ್ನು ತಂತಿಗಳು. ಮೇಲಿನ ಕೆಳಗಿನ ರೆಕ್ಕೆಗಳ ನಡುವೆ ಬಿಗಿದ ತಂತಿಗಳಿಲ್ಲದೆ ಟೈಗರ್ ಮಾತ್ ಬರೀ ಅಸ್ಥಿಪಂಜರ. ಇದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಒಂದು ಕಡ್ಡಿ ತೆಗೆದುಕೊಳ್ಳಿ. ಮೇಣದಬತ್ತಿಯ ಜ್ವಾಲೆಗಿಂತ ಎರಡು ಸೆಂಟಿಮೀಟರ್ ಮೇಲೆ ಹಿಡಿದು ತಿರುಗಿಸುತ್ತಾ ಇರಿ. ನಡುವೆ ಮೆತ್ತಗಾಗಿ ಹೊಳಪು ಬಂದ ಕೂಡಲೇ ಜ್ವಾಲೆಯಿಂದ ಹೊರಗೆ ತಂದು ಎರಡೂ ಕೈ ಅಗಲಿಸಿ ಎಳೆಯಿರಿ. ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಸಣ್ಣ. ಮೊದಲ ಹತ್ತು ಹಾಳಾಗುತ್ತವೆ, ಹನ್ನೊಂದನೆಯದು ಸರಿ ಬರುತ್ತದೆ. ಕಿಟಕಿ ತೆರೆದಿಡಿ, ಆ ಹೊಗೆ ಒಳ್ಳೆಯದಲ್ಲ.

ಎಳೆಯನ್ನು ಅಳತೆಗೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಎರಡು ತುದಿಗೂ ಫೆವಿಕಾಲ್‌ನ ಚುಕ್ಕೆ ಇಟ್ಟು ಕೂರಿಸಿ. ಮಾರನೆ ದಿನ ನೋಡಿದರೆ ಕೆಲವು ಸಡಿಲವಾಗಿ ಬಾಗಿರುತ್ತವೆ. ಆಗ ಒಂದು ಊದುಬತ್ತಿ ಹಚ್ಚಿ. ಕೆಂಡದ ತುದಿಯನ್ನು ಎಳೆಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ಓಡಿಸಿ. ಶಾಖಕ್ಕೆ ಎಳೆ ಕುಗ್ಗಿ ವೀಣೆಯ ತಂತಿಯ ಹಾಗೆ ಬಿಗಿಯಾಗುತ್ತದೆ. ಹೊರದೇಶದಲ್ಲೂ ಮಾಡೆಲ್ ಮಾಡುವ ಎಷ್ಟೋ ಜನ ಇದಕ್ಕೆ ಊದುಬತ್ತಿ ಬಳಸುತ್ತಾರೆ. ನಾವು ಊದುಬತ್ತಿಯ ಊರಿನಲ್ಲೇ ಇದ್ದೇವೆ. ತಾಗಿಸಿದರೆ ಮಾತ್ರ ಎಳೆ ತುಂಡಾಗುತ್ತದೆ, ಕೈ ಗಟ್ಟಿಯಾಗಿರಲಿ.

ಮನುಷ್ಯರು

ಇಲ್ಲಿ ಆತುರ ಬೇಡ. ಏಳು ಜನಕ್ಕೆ ನಾನು ಐದು ವಾರ ಕೊಟ್ಟೆ.

ಬೇಕಾಗುವುದು ಇಷ್ಟು: ಹಳೆಯ ವೈರಿನೊಳಗಿನ ಅರ್ಧ ಮಿಲಿಮೀಟರ್ ತಾಮ್ರದ ತಂತಿ, ಎಪಾಕ್ಸಿ ಪುಟ್ಟಿ, ಎರಡು ಮೂರು ದಪ್ಪದ ಸೂಜಿ, ಹಲ್ಲುಕಡ್ಡಿ, ಬ್ಲೇಡು, ಒಂದು ಬಟ್ಟಲು ನೀರು. ಮೈಗೆ ಎಂ-ಸೀಲ್ ನಡೆಯುತ್ತದೆ, ಸಂತೇಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಮುಖಕ್ಕೆ ಅದು ಒರಟು. ಮುಖ, ಕೈಗಳಿಗೆ ಮಾಡೆಲ್ ಮಾಡುವವರ ನಯವಾದ ಎಪಾಕ್ಸಿ ಪುಟ್ಟಿ ತರಿಸಿಕೊಳ್ಳಿ, ಒಂದು ಪೊಟ್ಟಣ ವರ್ಷಗಟ್ಟಲೆ ಬರುತ್ತದೆ. ಎರಡು ಭಾಗವನ್ನು ಸಮ ತೆಗೆದುಕೊಂಡು ಬಣ್ಣ ಒಂದಾಗುವ ತನಕ ನಾದಬೇಕು. ಕೈಗೆ ಗ್ಲೌಸ್ ಇರಲಿ, ಎಪಾಕ್ಸಿ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ತಂತಿಯಲ್ಲಿ ಮೊದಲು ಮನುಷ್ಯನ ಎಲುಬು ಮಾಡಿ. 35 ಮಿಲಿಮೀಟರ್ ಗೊಂಬೆಗೆ ತಲೆ ಸುಮಾರು 5 ಮಿಲಿಮೀಟರ್. ಕಾಲು ಶುರುವಾಗುವುದು ಎತ್ತರದ ಅರ್ಧದಲ್ಲಿ. ಮಂಡಿ ಅದರ ಅರ್ಧದಲ್ಲಿ. ಕೈ ಬಿಟ್ಟರೆ ಬೆರಳ ತುದಿ ತೊಡೆಯ ನಡುವಿಗೆ ಬರಬೇಕು. ಕಾಲಿನ ಕೆಳಗೆ ಒಂದು ಸೆಂಟಿಮೀಟರ್ ತಂತಿ ಜಾಸ್ತಿ ಬಿಡಿ. ಕೆಲಸ ಮಾಡುವಾಗ ಅದನ್ನು ರಬ್ಬರ್ ಬಿರಡೆಗೆ ಚುಚ್ಚಿ ಹಿಡಿಯಬಹುದು, ಕೊನೆಗೆ ನೆಲಕ್ಕೆ ಊರಲೂ ಅದೇ ಬೇಕು.

ತಂತಿ ಬರೀ ತಂತಿಯಾಗಿರುವಾಗಲೇ ಭಂಗಿ ಸರಿ ಮಾಡಿ. ಕುಂಬಾರಗೇರಿಯಲ್ಲಿ ಗಣಪತಿ ಮಾಡುವ ಒಬ್ಬ ಹಿರಿಯರಿಗೆ ನನ್ನ ಮೊದಲ ಗೊಂಬೆ ತೋರಿಸಿದ್ದೆ. ಅವರು ಕೈಯಲ್ಲಿ ತಿರುಗಿಸಿ ನೋಡಿ, "ಮೂಗು ಆಮೇಲೆ ಮಾಡಪ್ಪ, ಮೊದ್ಲು ಕತ್ತು ತಿರುಗ್ಸು" ಅಂದರು. ಮುಖ ಎಷ್ಟೇ ನಯವಾಗಿದ್ದರೂ ಕತ್ತು ನೇರ ಇದ್ದರೆ ಗೊಂಬೆ ಏನನ್ನೂ ನೋಡುವುದಿಲ್ಲ. ಅವತ್ತಿನಿಂದ ನಾನು ಮೊದಲು ಮಾಡುವುದು ಭುಜದ ಗೆರೆ, ಆಮೇಲೆ ಕತ್ತಿನ ಗೆರೆ. ಇವೆರಡೂ ಒಂದೇ ದಿಕ್ಕಿಗೆ ಇರಬಾರದು. ರೈತನ ಎದೆ ಪೈಲಟ್ ಕಡೆ, ಕತ್ತು ಹಳಿಯ ಕಡೆ. ಅಜ್ಜಿಯ ತಲೆಯ ಮೇಲೆ ಮಂಕರಿ ಇದೆ, ಅವಳು ಕತ್ತು ತಿರುಗಿಸಲಾರಳು, ಇಡೀ ಮೈ ತಿರುಗಿಸಬೇಕು. ಸಿಂಬಿ ಇಟ್ಟು ಮಂಕರಿ ಹೊತ್ತವರನ್ನು ನೋಡಿದವರಿಗೆ ಇದು ಗೊತ್ತು. ಆಕಾಶ ನೋಡುವ ಹುಡುಗಿಯ ಬೆನ್ನು ಹಿಂದಕ್ಕೆ ಬಾಗಿ, ಹೊಟ್ಟೆ ಮುಂದೆ ಬಂದಿರಬೇಕು. ಮನೆಯವರಿಗೆ ಅದೇ ಭಂಗಿಯಲ್ಲಿ ನಿಲ್ಲಲು ಹೇಳಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪುಟ್ಟಿಯನ್ನು ಒಂದೇ ಸಲಕ್ಕೆ ಮೆತ್ತಬೇಡಿ. ಮೊದಲ ದಿನ ಎದೆ ಮತ್ತು ಸೊಂಟಕ್ಕೆ ಮಾತ್ರ ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಎರಡನೆ ದಿನ ಕೈಕಾಲು. ಮೂರನೆ ದಿನ ತಲೆ. ಕಲಸಿದ ಪುಟ್ಟಿ ಮೊದಲು ಜಿಗುಟಾಗಿರುತ್ತದೆ, ಸುಮಾರು 20 ನಿಮಿಷ ಬಿಟ್ಟರೆ ಗೆರೆ ಹಿಡಿಯುವ ಹದಕ್ಕೆ ಬರುತ್ತದೆ. ಆ ಹದದಲ್ಲಿ ಸಿಗುವ ಹೊತ್ತು ಕಡಿಮೆ, ಅದಕ್ಕೇ ಒಂದು ಸಲಕ್ಕೆ ಒಂದೇ ಮುಖ. ಸೂಜಿಯನ್ನು ನೀರಿಗೆ ಅದ್ದುತ್ತಾ ಇದ್ದರೆ ಅಂಟುವುದಿಲ್ಲ.

ಮುಖ ಮಾಡುವುದು ಹೀಗೆ. ಅವರೆಕಾಳಿಗಿಂತ ಚಿಕ್ಕದಾದ ಉಂಡೆಯನ್ನು ತಂತಿಗೆ ಸಿಕ್ಕಿಸಿ, ಮೊಟ್ಟೆಯ ಆಕಾರ ಮಾಡಿ. ಮುಖದ ಅರ್ಧ ಎತ್ತರದಲ್ಲಿ ಮೊಂಡು ಸೂಜಿಯಿಂದ ಎರಡು ಗುಳಿ ಒತ್ತಿ. ಸಾಸಿವೆಗಿಂತ ಚಿಕ್ಕ ಚೂರನ್ನು ನಡುವೆ ಇಟ್ಟು ಮೂಗು ಎಳೆಯಿರಿ. ಬಾಯಿಗೆ ಒಂದು ಸಣ್ಣ ಕೊಯ್ತ ಸಾಕು. ವಯಸ್ಸಾದವರಿಗೆ ಕೆನ್ನೆ ಒಳಗೆ ಒತ್ತಿ, ಮಕ್ಕಳಿಗೆ ಒತ್ತಬೇಡಿ. ಇಷ್ಟೇ. ಈ ಅಳತೆಯಲ್ಲಿ ತುಟಿ, ರೆಪ್ಪೆ ಮಾಡಲು ಹೋದರೆ ಮುಖ ಕೆಡುತ್ತದೆ.

ಬಟ್ಟೆಗೆ ಒಳ್ಳೆಯ ವಸ್ತು ಟಿಶ್ಯೂ ಕಾಗದ. ಅದರ ಪದರ ಬಿಡಿಸಿ ಒಂದೇ ಪದರ ತೆಗೆದುಕೊಳ್ಳಿ. ಫೆವಿಕಾಲ್ ಮತ್ತು ನೀರು ಅರ್ಧರ್ಧ ಬೆರೆಸಿ ಅದ್ದಿ, ಒದ್ದೆ ಬ್ರಷ್‌ನಿಂದ ಗೊಂಬೆಯ ಮೇಲೆ ಹೊದಿಸಿ. ಮಡಿಕೆಗಳು ತಾವಾಗಿ ಬೀಳುತ್ತವೆ, ಸೂಜಿಯಿಂದ ಸ್ವಲ್ಪ ತಿದ್ದಿದರೆ ಆಯಿತು. ಗದ್ದೆ ಕೆಲಸದವನು ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿರುತ್ತಾನೆ. ಹೆಂಗಸರ ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತದೆ. ಕಂಬಳಿಗೆ ಮಾತ್ರ ಟಿಶ್ಯೂ ಬೇಡ, ಅದರ ತೂಕ ಬರುವುದಿಲ್ಲ. ಪುಟ್ಟಿಯನ್ನು ಪೌಡರ್ ಹಾಕಿದ ಗಾಜಿನ ಮೇಲೆ ತೆಳ್ಳಗೆ ಲಟ್ಟಿಸಿ ಹೊದಿಸಿ, ಹಳೆಯ ಟೂತ್‌ಬ್ರಷ್‌ನಿಂದ ಕುಟ್ಟಿ. ಉಣ್ಣೆಯ ಒರಟುತನ ಬರುತ್ತದೆ.

ಬಣ್ಣದ ವಿಷಯಕ್ಕೆ ಬರೋಣ. ಹೊರದೇಶದ ಪುಸ್ತಕಗಳಲ್ಲಿ ಹೇಳುವ ಚರ್ಮದ ಬಣ್ಣ ನಮ್ಮ ಜನಕ್ಕೆ ಹೊಂದುವುದಿಲ್ಲ. ನಾನು ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ಈ ಮೂರು ಅಕ್ರಿಲಿಕ್ ಬಣ್ಣದಲ್ಲೇ ಏಳು ಜನರಿಗೂ ಮಾಡಿದೆ. ಒಬ್ಬರ ಹಾಗೆ ಇನ್ನೊಬ್ಬರು ಇರಬಾರದು. ಬಿಸಿಲಲ್ಲಿ ದುಡಿದವನಿಗೆ ಅಂಬರ್ ಜಾಸ್ತಿ. ಮೂಗು, ಕೆನ್ನೆಯ ಮೂಳೆ, ಭುಜದ ಮೇಲೆ ಬೆಳಕು ತೋರಿಸಲು ಓಕರ್ ಬೆರೆಸಿ. ಬಿಳಿ ಬೆರೆಸಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಕಣ್ಣಿಗೆ ಬಿಳಿ ಚುಕ್ಕೆ ಇಡಬೇಡಿ, ಎಲ್ಲರೂ ದಿಟ್ಟಿಸಿದ ಹಾಗೆ ಆಗುತ್ತದೆ. ಗುಳಿಯೊಳಗೆ ಒಂದು ಕಡುಕಂದು ಗೆರೆ ಎಳೆದರೆ ಸಾಕು, ನೋಟ ತಾನಾಗಿ ಬರುತ್ತದೆ. ಪಂಚೆಗೂ ಅಚ್ಚಬಿಳಿ ಬೇಡ. ಕೆನೆ ಬಣ್ಣ ಬಳಿದು, ಅಂಚಿಗೆ ಗದ್ದೆ ಮಣ್ಣಿನ ಬಣ್ಣ ತಾಗಿಸಿ. ಕೊನೆಗೆ ಎಲ್ಲಕ್ಕೂ ಮ್ಯಾಟ್ ವಾರ್ನಿಶ್.

ಎತ್ತು

ಎತ್ತಿನ ಹೊಟ್ಟೆಗೆಲ್ಲ ಪುಟ್ಟಿ ತುಂಬಿದರೆ ತೂಕ ಹೆಚ್ಚು, ಖರ್ಚೂ ಹೆಚ್ಚು. ಒಳಗೆ ಅಲ್ಯೂಮಿನಿಯಂ ಫಾಯಿಲ್ ಮುದುಡಿ ಇಟ್ಟು ಮೇಲೆ ಪುಟ್ಟಿ ಹಚ್ಚಿ. ನಮ್ಮ ಕಡೆಯದು ಅಂದಮೇಲೆ ಹಳ್ಳಿಕಾರ್ ತಳಿಯೇ ಆಗಬೇಕು. ಬೂದು ಮೈ, ಉದ್ದನೆ ಮುಖ, ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುವ ನೀಳ ಕೊಂಬು. ಕೊಂಬಿಗೆ ತಂತಿಯ ತುದಿಯನ್ನು ಅರದಲ್ಲಿ ಚೂಪು ಮಾಡಿ. ಹೆಗಲಿನ ಹತ್ತಿರ ಎತ್ತರ ಸುಮಾರು 28 ಮಿಲಿಮೀಟರ್ ಇರಲಿ.

ನನ್ನ ಮೊದಲ ಎತ್ತುಗಳು ಚೆನ್ನಾಗಿದ್ದವು, ಆದರೆ ಸುಮ್ನೆ ನಿಂತಿದ್ದವು. ಪಾಂಡವಪುರದ ಹತ್ತಿರ ಬೇಸಾಯ ಮಾಡಿದ ನಮ್ಮ ತಾತ ನೋಡಿ ಹೇಳಿದ್ದು ಒಂದೇ ಮಾತು: "ಎತ್ತು ಬೆದರಿದ್ರೆ ಮೊದ್ಲು ಕಿವಿ ಹೇಳ್ತದೆ ಕಣ್ಲಾ, ಆಮ್ಯಾಕೆ ಕಾಲು." ಕಿವಿಗಳನ್ನು ಕಿತ್ತು ಮತ್ತೆ ಮಾಡಿದೆ. ಒಂದರ ಎರಡೂ ಕಿವಿ ವಿಮಾನದ ಕಡೆ ಸೆಟೆದಿವೆ, ತಲೆ ಮೇಲೆ ಎತ್ತಿದೆ, ಮುಂಗಾಲು ಒಂದು ಹೆಜ್ಜೆ ಹಿಂದೆ ಇಟ್ಟಿದೆ. ಇನ್ನೊಂದು ಮುಖ ತಿರುಗಿಸಿ ಹೋಗಲು ಎಳೆಯುತ್ತಿದೆ. ಮೂಗುದಾರದ ಹಗ್ಗ ಬಿಗಿಯಾಗಿದೆ, ಹಿಡಿದವನ ಹಿಮ್ಮಡಿ ನೆಲಕ್ಕೆ ಊರಿದೆ. ಇಷ್ಟರಿಂದ ವಿಮಾನ ಈಗಷ್ಟೇ ಇಳಿದದ್ದು ಅನ್ನುವುದು ನೋಡುವವರಿಗೆ ತಿಳಿಯುತ್ತದೆ.

ನೆಲ

ಪ್ಲೈವುಡ್ ಮೇಲೆ 10 ಮಿಲಿಮೀಟರ್ ಥರ್ಮೋಕೋಲ್ ಅಂಟಿಸಿ ಬದು, ಕಾಲುವೆ ಕೆತ್ತಿ. ಬದುವಿನ ಎತ್ತರ 8 ಮಿಲಿಮೀಟರ್ ಸಾಕು. ಥರ್ಮೋಕೋಲ್‌ಗೆ ಫೆವಿಕಾಲ್ ಮಾತ್ರ ಬಳಸಿ. ಒಂದು ಸಲ ನಾನು ಅದರ ಮೇಲೆ ನೇರವಾಗಿ ಸ್ಪ್ರೇ ಬಣ್ಣ ಹೊಡೆದು, ಅರ್ಧ ಗದ್ದೆ ಕರಗಿ ಗುಂಡಿಯಾಯಿತು. ಅಂಥ ಬಣ್ಣದಲ್ಲಿರುವ ದ್ರಾವಕ ಅದನ್ನು ತಿನ್ನುತ್ತದೆ. ಮೊದಲು ಪೂರ್ತಿ ಮುಚ್ಚಬೇಕು. ಮರದ ಹೊಟ್ಟು, ಫೆವಿಕಾಲ್, ನೀರು, ಕಂದು ಪೋಸ್ಟರ್ ಬಣ್ಣ ಸೇರಿಸಿ ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, 3 ಮಿಲಿಮೀಟರ್ ಹಚ್ಚಿ.

ಇದು ಹಸಿ ಇರುವಾಗಲೇ ವಿಮಾನ ಇಳಿದು ಬಂದ ಗುರುತು ಒತ್ತಬೇಕು. ಟೈಗರ್ ಮಾತ್‌ಗೆ ಹಿಂದೆ ಚಕ್ರ ಇಲ್ಲ, ನೆಲಕ್ಕೆ ಉಜ್ಜಿಕೊಂಡು ಬರುವ ಒಂದು ಸ್ಕಿಡ್ ಇದೆ. ಬ್ರೇಕೂ ಇಲ್ಲ, ಆ ಸ್ಕಿಡ್ಡೇ ವೇಗ ತಗ್ಗಿಸುವುದು. ಹಾಗಾಗಿ ಎರಡು ಚಕ್ರದ ಗುರುತು, ನಡುವೆ ನೇಗಿಲ ಸಾಲಿನ ಹಾಗೆ ಒಂದು ಗೀರು. ಮಾಡೆಲ್‌ನ ಚಕ್ರಗಳ ನಡುವಿನ ಅಂತರ ಅಳೆದು, ಅಷ್ಟೇ ಅಗಲಕ್ಕೆ ರಟ್ಟಿನ ಬಿಲ್ಲೆ ಉರುಳಿಸಿ. ಗೀರಿಗೆ ಮೊಂಡು ಸೂಜಿ. ಗುರುತುಗಳು ಹಲಗೆಯ ಅಂಚಿನಿಂದ ಶುರುವಾಗಿ, ಚಕ್ರದ್ದು ಚಕ್ರದ ಕೆಳಗೇ, ಗೀರು ಸ್ಕಿಡ್ ಕೆಳಗೇ ಮುಗಿಯಬೇಕು. ಈ ಮೂರು ಗೆರೆ ನೋಡಿದ ಮಕ್ಕಳು ವಿಮಾನ ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸುತ್ತಾರೆ.

ಮೇಲಿನ ಪದರಕ್ಕೆ ನಿಜವಾದ ಮಣ್ಣು. ತಾತನ ಗದ್ದೆಯಿಂದ ಒಂದು ಡಬ್ಬಿ ತಂದಿದ್ದೆ. ಹಳೆಯ ಬಾಣಲೆಯಲ್ಲಿ ಹದಿನೈದು ನಿಮಿಷ ಹುರಿಯಿರಿ, ಇಲ್ಲದಿದ್ದರೆ ಹುಳ, ಬೂಷ್ಟು ಬರುತ್ತದೆ. ಟೀ ಸೋಸುವ ಜಾಲರಿಯಲ್ಲಿ ಒಮ್ಮೆ, ತೆಳ್ಳನೆ ಬಟ್ಟೆಯಲ್ಲಿ ಒಮ್ಮೆ ಜರಡಿ ಹಿಡಿಯಿರಿ. ನೆಲಕ್ಕೆ ನೀರು ಚಿಮುಕಿಸಿ, ಮಣ್ಣು ಉದುರಿಸಿ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರ್‌ನಲ್ಲಿ ಹನಿಸಿ. ಅಂಟು ಕುಡಿದ ಮಣ್ಣು ಕಪ್ಪಾಗುತ್ತದೆ. ಒಣಗಿದ ಮೇಲೆ ತಿಳಿಯಾದ ಮಣ್ಣಿನ ಬಣ್ಣವನ್ನು ಬ್ರಷ್‌ನಲ್ಲಿ ಹೆಚ್ಚುಕಡಿಮೆ ಒರೆಸಿಬಿಟ್ಟು ಮೇಲೆ ಮೇಲೆ ಸವರಿ. ಚಕ್ರಗಳಿಗೂ ಇದೇ ಮಣ್ಣು ತಾಗಿಸಿ, ಬೇರೆ ಮಣ್ಣು ಬೇಡ.

ಕೂಳೆಗೆ ತೆಂಗಿನ ನಾರು. ನಾಲ್ಕೈದು ಎಳೆ ಸೇರಿಸಿ 3 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ಚಿಮಟದಲ್ಲಿ ನೆಡುವುದು. 20 × 20 ಸೆಂಟಿಮೀಟರ್ ಗದ್ದೆಗೆ 4 ಮಿಲಿಮೀಟರ್‌ಗೊಂದರಂತೆ ಲೆಕ್ಕ ಹಾಕಿದರೆ 2500 ಬುಡ. ನಿಮಿಷಕ್ಕೆ ಐದು ನೆಟ್ಟರೂ ಎಂಟು ಗಂಟೆ ದಾಟುತ್ತದೆ. ನಾನು ನಾಲ್ಕು ಸಂಜೆ ರೇಡಿಯೋ ಹಾಕಿಕೊಂಡು ನೆಟ್ಟೆ. ಇದಕ್ಕೆ ಅಡ್ಡದಾರಿ ಇಲ್ಲ, ಹುಡುಕಲೂ ಬೇಡಿ. ಕೈಯಲ್ಲಿ ನಾಟಿ ಮಾಡಿದ ಗದ್ದೆ ಅಲ್ಲವೇ, ಸಾಲು ಸ್ವಲ್ಪ ಸೊಟ್ಟ ಇರಲಿ. ಚಕ್ರ ಹಾದ ಕಡೆ, ಜನ ನಿಂತ ಕಡೆ ಕೂಳೆಯನ್ನು ಬೆರಳಲ್ಲಿ ಒತ್ತಿ ಮಲಗಿಸಿ.

ಹಿಂಬದಿಯ ಕಬ್ಬಿಗೆ ಹುಲ್ಲು ಪೊರಕೆಯ ಸಣ್ಣ ಕಡ್ಡಿ. ತೆಂಗಿನ ಗರಿಯ ಕಡ್ಡಿ ಈ ಅಳತೆಗೆ ದಪ್ಪ, ಬಿದಿರಿನ ಹಾಗೆ ಕಾಣುತ್ತದೆ. ಗಿಣ್ಣುಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಸೋಗೆಗೆ ಹಸಿರು ಬಳಿದ ತೆಳು ಕಾಗದವನ್ನು 1 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಉದ್ದಕ್ಕೆ ಚೂಪಾಗಿ ಕತ್ತರಿಸಿ, ನಡುವೆ ಮಡಚಿ ಬಿಡಿಸಿದರೆ ದಿಂಡು ಮೂಡುತ್ತದೆ. ಕೆಳಗಿನ ಒಣ ತರಗಿಗೆ ಟೀ ಡಿಕಾಕ್ಷನ್‌ನಲ್ಲಿ ಅದ್ದಿದ ಕಾಗದ. ಮೂರು ಸಾಲು ಮಾತ್ರ ನೆಟ್ಟು, ಅದರ ಹಿಂದೆ ಕಪ್ಪುಹಸಿರು ಬಳಿದ ರಟ್ಟು ನಿಲ್ಲಿಸಿ. ಒಳಗೆ ಎಕರೆಗಟ್ಟಲೆ ಕಬ್ಬು ಇದೆ ಅನ್ನಿಸುತ್ತದೆ.

ಮುಂದಿನ ಮೂಲೆಯ ಪುಟ್ಟ ಕಾಲುವೆಗೆ ಪಾರದರ್ಶಕ ರೆಸಿನ್ ಸುರಿಯಿರಿ. ಒಂದು ಸಲಕ್ಕೆ 2 ಮಿಲಿಮೀಟರ್‌ಗಿಂತ ಜಾಸ್ತಿ ಬೇಡ, ಬಿಸಿಯಾಗಿ ಕೆಳಗಿನ ಥರ್ಮೋಕೋಲ್ ಹಾಳಾಗುತ್ತದೆ. ಕಾವೇರಿಯ ನಾಲೆ ನೀರು ಗಾಜಿನಷ್ಟು ತಿಳಿ ಇರುವುದಿಲ್ಲ, ಒಂದು ಹನಿ ಮಣ್ಣಿನ ಬಣ್ಣ ಬೆರೆಸಿ.

ನಿಲ್ಲಿಸುವುದು

ಮೊದಲು ವಿಮಾನ, ಆಮೇಲೆ ರೈತ ಮತ್ತು ಪೈಲಟ್, ಕೊನೆಗೆ ಉಳಿದವರು. ಅಂಟು ಹಾಕದೆ ಬರೀ ತಂತಿ ಊರಿ ಒಂದು ದಿನ ನೋಡಿ. ಒಂದು ಉದ್ದನೆ ನೂಲು ತೆಗೆದುಕೊಂಡು ಪ್ರತಿ ಗೊಂಬೆಯ ಮೂಗಿನಿಂದ ಅದು ನೋಡಬೇಕಾದ ಜಾಗಕ್ಕೆ ಹಿಡಿಯಿರಿ. ನೂಲು ಸರಿಯಾಗಿ ಬರದಿದ್ದರೆ ಗೊಂಬೆಯನ್ನು ತಿರುಗಿಸಿ. ನನ್ನ ಒಬ್ಬ ಹುಡುಗ ಪ್ರೊಪೆಲ್ಲರ್ ಬದಲು ಚಕ್ರ ನೋಡುತ್ತಿದ್ದ. ಬುಡಕ್ಕೆ ಸ್ವಲ್ಪ ಮಣ್ಣು ಏರಿಸಿದ ಮೇಲೆ ಅವನ ನೋಟ ಸರಿಹೋಯಿತು. ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಸಂದಿ ಕಂಡರೆ ಸೋಸಿದ ಮಣ್ಣಿನಿಂದ ಮುಚ್ಚಿ.

ಬೊಂಬೆ ಮೆಟ್ಟಿಲ ಪಕ್ಕ ಇಡುವಾಗ ನೆಲದ ಮೇಲೆ ಇಡಬೇಡಿ. ಮೇಲಿಂದ ನೋಡಿದರೆ ಬರೀ ರೆಕ್ಕೆ ಮತ್ತು ತಲೆಗಳು ಕಾಣುತ್ತವೆ. ಒಂದು ಸ್ಟೂಲ್ ಮೇಲೆ ಇಟ್ಟರೆ ಆರೇಳು ವರ್ಷದ ಮಕ್ಕಳ ಕಣ್ಣಿಗೆ ಸರಿಯಾಗಿ ಬರುತ್ತದೆ. ಅವರು ಬದುವಿನ ಮೇಲಿನ ಹುಡುಗಿಯನ್ನು ಮೊದಲು ಕಂಡು, ಅವಳ ಜೊತೆ ತಾವೂ ತಲೆ ಎತ್ತುವುದನ್ನು ನಾನು ಒಂಬತ್ತೂ ದಿನ ನೋಡಿದೆ. ದೊಡ್ಡವರು ಸ್ವಲ್ಪ ಬಗ್ಗಲಿ. ದೀಪ ಒಂದೇ ಕಡೆಯಿಂದ ಬರಲಿ, ಬೆಳಗಿನ ಎಳೆ ಬಿಸಿಲಿನ ಹಾಗೆ ತಗ್ಗಿನಲ್ಲಿ. ಮೇಲೆ ಗಾಜಿನ ಪೆಟ್ಟಿಗೆ ಇದ್ದರೆ ಧೂಳಿನ ಚಿಂತೆ ಇಲ್ಲ.

ಹಬ್ಬ ಮುಗಿದು ಎತ್ತಿಡುವಾಗ ಒಂದು ಎಚ್ಚರಿಕೆ. ಪಟ್ಟದ ಗೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಡುವುದು ನಮ್ಮಲ್ಲಿ ರೂಢಿ. ಡಯೋರಾಮಾವನ್ನು ಅದರ ಜೊತೆ ಇಡಬೇಡಿ. ಗುಳಿಗೆಯ ಆವಿ ಕಿಟ್‌ನ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಬಹುದು, ಆ ಕೂದಲೆಳೆಯ ತಂತಿಗಳು ಮೊದಲು ಹೋಗುತ್ತವೆ. ಬೇರೆ ರಟ್ಟಿನ ಪೆಟ್ಟಿಗೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಅಟ್ಟದ ಮೇಲೆ ಬೇಡ, ಬೀರುವಿನ ಕೆಳಗಿನ ಖಾನೆಯಲ್ಲಿಡಿ. ಬೇಸಿಗೆಯಲ್ಲಿ ಅಟ್ಟ ಕಾದರೆ ರೆಕ್ಕೆ ಸೊಟ್ಟಗಾಗುತ್ತದೆ.